ಸ್ನಾನ ಮಾಡಿ ಬಂದ ಸಾಕ್ಷಿ

ನಮ್ಮ ಯಜಮಾನರು ಹೊನ್ನಾಳಿಯ ಕಾಲೇಜಿನಲ್ಲಿ ಜೀವಶಾಸ್ತ್ರ ಪಾಠ ಮಾಡುತ್ತಿದ್ದರು. ಸತ್ತ ಪ್ರಾಣಿಯ ಮೇಲೆ ಬರುವ ಜೀರುಂಡೆಗಳೆಂದರೆ ಅವರಿಗೆ ಪ್ರಾಣ. ನನ್ನ ತವರು ಜಗಳೂರಿಗೆ ಹೋದರೂ ಹೋಳಿಗೆ ಬಿಟ್ಟು ಸತ್ತ ಎಮ್ಮೆ ಹುಡುಕಿಕೊಂಡು ಬಯಲಿಗೆ ನಡೆಯುವರು. ಅಲ್ಲಿಯ ಒಣ ನೆಲದಲ್ಲಿ ಚರ್ಮ ಕೊರೆಯುವ ಸಣ್ಣ ಹುಳುಗಳು ಹೆಚ್ಚು, ನಮ್ಮ ಸಾಸ್ವೆಹಳ್ಳಿ ಕಡೆ ಹೊಳೆದಂಡೆಯ ತಂಪಿನಲ್ಲಿ ಚಪ್ಪಟೆ ಕರಿ ಹುಳುಗಳು ಹೆಚ್ಚು, ಅವುಗಳನ್ನು ನೋಡಿ ಪೊಲೀಸರು ಹೆಣ ಎಷ್ಟು ದಿನದ್ದೆಂದು ಹೇಳಬಹುದು ಎಂದೆಲ್ಲ ಊಟಕ್ಕೆ ಕೂತಾಗಲೇ ವಿವರಿಸುವರು. ಹಿತ್ತಿಲಲ್ಲಿ ಸ್ನಾನ ಮಾಡದೆ ಹೊಸ್ತಿಲು ದಾಟಲು ನಾನು ಬಿಡುತ್ತಿರಲಿಲ್ಲ. “ಬಿಸಿನೀರು ಐತಾ?” ಎಂಬುದೇ ಅವರು ಬಂದ ಗುರುತು.

ಎಂಬತ್ತನೇ ಇಸವಿಯ ಆಚೀಚೆ, ಜಗಳೂರಿನಲ್ಲಿ ವಾರ ಕಳೆದು ಬಂದ ಮರುಬೆಳಿಗ್ಗೆಯೇ ಊರ ಹಿರಿಯರು ನಮ್ಮ ಬಾಗಿಲಿಗೆ ಬಂದರು. ಊರಮ್ಮನಿಗೆ ಬಿಟ್ಟ ಟಗರು ಕಾಲುವೆ ಪಕ್ಕ ಸತ್ತು ಬಿದ್ದಿತ್ತು. ಹಿಂದಿನ ಸಂಜೆ ಅದರ ಬಳಿ ನಮ್ಮ ನಾಯಿಯನ್ನು ಯಾರೋ ಕಂಡಿದ್ದರು. ದೇವರ ಟಗರು ಎಲ್ಲಿ ಮೇದರೂ, ಎಷ್ಟು ದಿನ ಕಾಣದಿದ್ದರೂ ವಿಚಾರಿಸುವ ಪದ್ಧತಿಯಿಲ್ಲ. ಹಾಗಾಗಿ ಅದು ಯಾವಾಗ ಸತ್ತಿತೆಂದು ಯಾರಿಗೂ ಗೊತ್ತಿರಲಿಲ್ಲ. ಅಮ್ಮನ ಟಗರು ಕೊಂದ ನಾಯಿಗೆ ವಿಷ ಹಾಕಬೇಕೆಂದು ತೀರ್ಮಾನವಾಗಿತ್ತು.

ನಾಯಿ ನನ್ನ ಸೆರಗಿನ ಹಿಂದೆ ಕೂತು ಎಲ್ಲರಿಗೂ ಬಾಲ ಆಡಿಸುತ್ತಿತ್ತು.

ಯಜಮಾನರು ಕಾಲುವೆಗೆ ಹೋದರು. ಉಳಿದವರು ಮೂಗು ಮುಚ್ಚಿ ದೂರ ನಿಂತರು. ಇವರು ಮಂಡಿಯೂರಿ ಡಬ್ಬಿ ತುಂಬ ಹುಳು ಹಿಡಿದು ತಂದರು.

“ಇದರ ಮರಿ ನೋಡ್ರಿ, ಎಷ್ಟು ಬೆಳದಾವೆ. ಮೊಟ್ಟೆ ಒಡದು ಇಷ್ಟಾಗಾಕೆ ಐದಾರು ದಿನನಾದ್ರೂ ಬೇಕು. ಅವಾಗ ನಮ್ಮ ನಾಯಿ ಜಗಳೂರಾಗೆ ಇತ್ತು.”

ಅದು ಊರಿಗೇ ಗೊತ್ತಿತ್ತು. ನಾಯಿ ನನ್ನ ಅಣ್ಣನ ಲಾರಿ ಹತ್ತಿದಾಗ “ಬೀಗರೂಟಕ್ಕೆ ನಾಯೀನೂ ಹೊಂಟೈತೆ ನೋಡ್ರಪ್ಪೋ” ಎಂದು ನಕ್ಕವರು ಈ ಹಿರಿಯರೇ.

“ಆದ್ರೆ ಮೇಷ್ಟ್ರೇ,” ಎಂದರು ಎಲ್ಲರಿಗಿಂತ ಹಿರಿಯರಾದ ಅಜ್ಜ, “ನಮ್ಮೂರಾಗೆ ಸಾಕ್ಷಿ ಹೇಳೋರು ಸ್ನಾನ ಮಾಡಿ ಅಮ್ಮನ ಕಟ್ಟೆ ಮುಟ್ಟಬೇಕು.”

“ಮಾಡ್ಕಂಡು ಬರ್ತೀನಿ, ತಗಳ್ರಿ.”

“ನೀವೇನು ಕಂಡೀರಿ? ಕಂಡದ್ದು ಹುಳ. ಸ್ನಾನ ಅದಕ್ಕೆ ಮಾಡಿಸ್ರಿ.”

ಅಜ್ಜನ ಮುಖದಲ್ಲಿ ನಗೆಯಿರಲಿಲ್ಲ. ಇವರು ಹಿತ್ತಿಲಿಗೆ ಬಂದು ಅಂಗೈ ಮೇಲೆ ಒಂದು ಕರಿ ಹುಳು ಇಟ್ಟುಕೊಂಡರು. ನಾನು ಚೊಂಬಿನಿಂದ ಹನಿಹನಿಯಾಗಿ ನೀರು ಬಿಟ್ಟೆ. “ಭಾಳ ಬಿಸಿ ಬ್ಯಾಡ ಕಣೇ, ಸಾಕ್ಷಿ ಬೆಂದು ಹೋದಾತು,” ಎಂದರು.

ಕಟ್ಟೆಯ ಕಲ್ಲಿನ ಮೇಲೆ ಬಿಟ್ಟ ಕೂಡಲೇ ಹುಳು ಕಾಲು ಮಡಚಿ ಅಂಗಾತ ಬಿತ್ತು. ಅಲುಗಾಟವಿಲ್ಲ.

“ಸಾಕ್ಷೀನೇ ಸತ್ತೋತಲ್ಲೋ!” ಎಂದು ಯಾರೋ ಕೂಗಿದರು. “ಸುಳ್ಳು ಹೇಳಾಕೆ ಬಂದಿದ್ದಕ್ಕೆ ಅಮ್ಮ ಬಿಡ್ಲಿಲ್ಲ ನೋಡು!”

ನನಗೆ ಅಳುವೇ ಬಂತು. “ತಡೀರಿ,” ಎಂದರು ಇವರು. “ಹೆದರಿದ್ರೆ ಸತ್ತಂಗೆ ಬೀಳ್ತೈತೆ, ಅಷ್ಟೆ.”

ಎಲ್ಲರೂ ಬಗ್ಗಿ ನೋಡುತ್ತ ನಿಂತೆವು. ಬಹಳ ಹೊತ್ತಿನ ಮೇಲೆ ಒಂದು ಕಾಲು ಅಲುಗಿತು. ಹುಳು ಮಗುಚಿ ಎದ್ದು ನೇರ ಅಜ್ಜನ ಪಂಚೆಯ ಕಡೆ ನಡೆಯಿತು.

“ಆತು, ಆತು, ನಂಬಿದೆ! ಹಿಡ್ಕಳ್ರಿ ಅದನ್ನ!” ಎನ್ನುತ್ತ ಅಜ್ಜ ಕಟ್ಟೆಯಿಂದ ಜಿಗಿದರು.

ನಾಯಿ ಉಳಿಯಿತು. ಉಳಿದ ಸಂತೋಷಕ್ಕೆ ಸೀದಾ ಕಾಲುವೆಗೆ ಓಡಿ ಟಗರಿನ ಮೇಲೆ ಹೊರಳಾಡಿ ಬಂತು. ಯಜಮಾನರೂ ಅದೂ ಹಿತ್ತಿಲಲ್ಲಿ ಸಾಲಾಗಿ ನಿಂತರು.

“ಬಿಸಿನೀರು ಮೊದ್ಲು ಯಾರಿಗೆ?”

“ಜೀವ ಉಳಿಸ್ಕಂಡೋರಿಗೆ,” ಎಂದೆ.

ಹೋದ ತಿಂಗಳು ಅವರ ದೇಹವನ್ನು ಆಸ್ಪತ್ರೆಯಿಂದ ತಂದು ಪಡಸಾಲೆಯಲ್ಲಿ ಮಲಗಿಸಿದಾಗ, ನಾನು ಬಗ್ಗಿ ಅವರ ಬೆರಳುಗಳನ್ನೇ ಬಹಳ ಹೊತ್ತು ನೋಡುತ್ತ ಕೂತೆ. “ಅತ್ತಿಗೆ, ಏಳ್ರಿ,” ಎಂದರು ಮೈದುನ. ಎದ್ದು ಹೋಗಿ ಹಂಡೆಗೆ ಉರಿ ಹಾಕಿದೆ.