ಡೈರಿಯ ಕೇಬಲ್ಲು, ನನ್ನ ಗುರುಗಳು

ಮೊನ್ನೆ ಹಾಸನದ ಹತ್ತಿರದ ಮೊಸಳೆ ಎಂಬ ಊರಿನ ಹಾಲಿನ ಡೈರಿಯಲ್ಲಿ ಕೂತು ಬೆಸುಗೆ ಹಾಕುತ್ತಿದ್ದೆ. ಕಾದ ರಾಳದ ಹೊಗೆ ಮೂಗಿಗೆ ಬಡಿದಾಗ ಗುರುಗಳು ನೆನಪಾದರು. ಹಾಲಿನ ಫ್ಯಾಟು ಅಳೆಯುವ ಯಂತ್ರದಿಂದ ಕಂಪ್ಯೂಟರಿಗೆ ಕೇಬಲ್ ಎಳೆಯುವುದು ನನ್ನ ಕಸುಬು. ಮಂಡಿ ನೋವು, ಬೆನ್ನು ನೋವು, ದಿನಾ ಅದೇ ನಾಲ್ಕು ತಂತಿ... ಕಲಿಸಿದವರು ಅವರೇ.

ಬೆಸುಗೆ ಆದಮೇಲೆ ಅವರು ಒಂದೊಂದು ತಂತಿಯನ್ನೂ ಹಿಡಿದು ಜಗ್ಗುತ್ತಿದ್ದರು. ಆಮೇಲೆ ಸಂಜೆ ಹಾಲು ಬರುವ ತನಕ ಅಲ್ಲೇ ಕೂತು, ಯಂತ್ರದ ಅಂಕಿಯೇ ಕಂಪ್ಯೂಟರಿನಲ್ಲೂ ಬರುತ್ತಿದೆಯೇ ಎಂದು ಸರದಿಯ ಕೊನೆಯವರ ತನಕ ನೋಡಿಯೇ ಹೊರಡುತ್ತಿದ್ದರು. ನನಗೆ ಅದು ಅತಿ ಅನ್ನಿಸುತ್ತಿತ್ತು.

ಒಮ್ಮೆ ಅವರಿಗೆ ಜ್ವರ. ಅರಕಲಗೂಡು ಕಡೆಯ ಒಂದು ಹಳ್ಳಿಗೆ ನಾನೊಬ್ಬನೇ ಹೋದೆ. ಬೆಸುಗೆ ಮುಗಿಯುವಷ್ಟರಲ್ಲಿ ಬಸ್ಸು ಬಂತು, ಹತ್ತಿಬಿಟ್ಟೆ. ಕೊನೆ ತನಕ ಕಾದು ಬಂದೆ ಅಂತ ಅವರಿಗೆ ಸುಳ್ಳು ಹೇಳಿದೆ.

ನಾಲ್ಕೇ ದಿನ. ಒಬ್ಬ ಹೆಂಗಸು ಹಾಲಿಗೆ ನೀರು ಬೆರೆಸಿದ್ದಾಳೆಂದು ಡೈರಿಯಲ್ಲಿ ಊರವರೆದುರೇ ಬೈದರಂತೆ. ಡೈರಿಯ ಕಾರ್ಯದರ್ಶಿ ನೋಡಿದ್ದು ಕಂಪ್ಯೂಟರಿನಲ್ಲಿ ಬಂದ ಕಡಿಮೆ ಫ್ಯಾಟನ್ನು ಮಾತ್ರ, ಯಂತ್ರವನ್ನಲ್ಲ. ಸುದ್ದಿ ಕೇಳಿ ಗುರುಗಳು ನನ್ನನ್ನೂ ಕರೆದುಕೊಂಡು ಹೋದರು. ಕೇಬಲ್ಲಿನ ತುದಿಯ ಪ್ಲಗ್ಗು ಬಿಚ್ಚಿ ಒಂದು ತಂತಿ ಮುಟ್ಟಿದರು, ಕಳಚಿ ಕೈಗೇ ಬಂತು. ಅದು ಅಲುಗಿದಾಗೆಲ್ಲ ಕಂಪ್ಯೂಟರಿನಲ್ಲಿ ತಪ್ಪು ಅಂಕಿ ಬೀಳುತ್ತಿತ್ತು. ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

ಆ ಹೆಂಗಸು ಕ್ಯಾನು ಹಿಡಿದು ಅಲ್ಲೇ ನಿಂತಿದ್ದಳು. ಗುರುಗಳು ಅವಳಿಗೆ ಕೈ ಮುಗಿದರು. "ಈ ಪ್ಲಗ್ಗು ಹಾಸನದ ನಮ್ಮಂಗ್ಡೀಲಿ ನಾನೇ ಬೆಸ್ದು ಕಳ್ಸಿದ್ದು ಕಣವ್ವ. ಇವ್ನು ತಂದು ಸಿಗ್ಸಿದ್ದು ಅಷ್ಟೇಯ. ತಪ್ಪು ನಂದು."

ಅದನ್ನು ಅಲ್ಲೇ ಕೂತು ಬೆಸೆದವನು ನಾನು ಎಂದು ನಾನು ಹೇಳಲಿಲ್ಲ. ವಾಪಸ್ ಬಂದು ಬಸ್ಸಿಳಿಯುವಾಗ ಅವರು, "ಕೈ ಚೆನ್ನಾಗದೆ ಕಣ್ಲಾ ನಿಂದು. ಕಾಯೋದ್ ಕಲಿ" ಅಂದರು.

ಗುರುಗಳ ಬೆಸುಗೆ ಕೈಕೊಟ್ಟಿತೆಂದು ಸುದ್ದಿ ಹಬ್ಬಿತು. ಡೈರಿಯವರು ಒಬ್ಬೊಬ್ಬರಾಗಿ ಅವರನ್ನು ಬಿಟ್ಟು ನನ್ನನ್ನು ಕರೆಯತೊಡಗಿದರು. ನಾನು ಹೋದೆ... ಮನೆ ನಡೆಯಬೇಕಿತ್ತು ಅನ್ನುವುದು ನೆಪ. ನಾಚಿಕೆಯಾಗುತ್ತಿತ್ತು, ಆದರೂ ಹೋದೆ.

ಅವರು ತೀರಿಕೊಂಡು ಎರಡು ವರ್ಷವಾಯಿತು. ಕ್ಷಮೆ ಕೇಳಬೇಕಾದವರೇ ಇಲ್ಲ. ಮೊನ್ನೆ ಮೊಸಳೆಯಿಂದ ಹಾಸನಕ್ಕೆ ಬಂದವನು, ಮನೆಯವರಿಗಾದರೂ ಹೇಳಿಬಿಡೋಣ ಎಂದು ನೇರ ಅವರ ಮನೆಗೆ ಹೋದೆ. ಅವರ ಹೆಂಡತಿ ಕಾಫಿ ತಂದುಕೊಟ್ಟರು. ನಾನು ಬಾಯಿ ತೆರೆಯುವ ಮೊದಲೇ ಅವರೇ ಶುರುಮಾಡಿದರು.

"ಕೊನೆಕೊನೇಗೆ ಅವ್ರಿಗೆ ಕಣ್ಣು ಮಂಜಾಗಿತ್ತು ಕಣಪ್ಪ, ಅದ್ಕೇ ಆ ಡೈರೀಲಿ ಅಂಗಾಗೋಯ್ತು. ಸದ್ಯ, ನೀನಾದ್ರೂ ಅವ್ರ ಹೆಸ್ರು ಉಳಿಸ್ದೆ."

ಹೌದಮ್ಮ ಅಂದೆ. ಕಾಫಿ ಕುಡಿದು ಎದ್ದು ಬಂದೆ.