ಚಿತ್ತಾಪುರದ ತನಕ ಬರುತ್ತಿದ್ದ ಖಾಜಾ ಸರ್

ಕ್ಷಮಿಸಿ... ಮತ್ತೆ ಮೊದಲಿನಿಂದ ಶುರು ಮಾಡುತ್ತಿದ್ದೇನೆ.
ಆಗಿನಿಂದ ಮಾತಾಡುವುದು, ಅಳಿಸುವುದು, ಇದೇ ಆಗಿದೆ.
ಬರೆಯಲು ಕೈ ಬರುತ್ತಿಲ್ಲ. ಅದಕ್ಕೇ ಫೋನಿಗೆ ಹೇಳುತ್ತಿದ್ದೇನೆ... ಅದು ಬರೆದುಕೊಂಡದ್ದನ್ನು ಹಾಗೇ ಇಲ್ಲಿ ಪೋಸ್ಟ್ ಹಾಕುತ್ತೇನೆ.

ವಾಡಿ ಸ್ಟೇಷನ್ನಿನಲ್ಲಿ ಕೂತಿದ್ದೇನೆ.
ನಮ್ಮ ಖಾಜಾ ಸರ್ ಇಲ್ಲವಂತೆ...
ಹೇಗೆ ನಂಬಲಿ? ನಿನ್ನೆ ಸಂಜೆ ರೈಲಿನಲ್ಲಿ ನನ್ನೆದುರು ಕೂತು ಶೇಂಗಾ ಸುಲಿದು ಕೊಟ್ಟ ಮನುಷ್ಯ.
ಬೆಳಿಗ್ಗೆ ಹಾರ್ಟ್ ಅಟ್ಯಾಕ್... ಆಸ್ಪತ್ರೆ ಮುಟ್ಟಲಿಲ್ಲ.

ಗೊತ್ತಿಲ್ಲದವರಿಗೆ ಹೇಳಬೇಕು.
ಖಾಜಾ ಸರ್ ಸೇಡಂನಲ್ಲಿ ಹೈಸ್ಕೂಲ್ ಮಾಸ್ತರರು. ಊರು ಶಹಾಬಾದ್.
ನಾನು ವಾಡಿಯವನು, ಸೇಡಂನ ಒಂದು ಆಫೀಸಿನಲ್ಲಿ ಗುಮಾಸ್ತ.
ಚಿತ್ತಾಪುರದಲ್ಲಿ ಸೇಡಂ ಬ್ಯಾಂಕಿನ ಆಚಾರ್ರು ಹತ್ತುತ್ತಿದ್ದರು.
ಮೂವರೂ ಅಪ್-ಡೌನ್ ಗಿರಾಕಿಗಳು.
ಶಹಾಬಾದಿನಲ್ಲಿ ಮೊದಲು ಹತ್ತುವ ಖಾಜಾ ಸರ್ ಕರ್ಚೀಫ್ ಹಾಸಿ ನಮ್ಮಿಬ್ಬರಿಗೂ ಸೀಟು ಹಿಡಿಯುತ್ತಿದ್ದರು. ಕಿಟಕಿ ಸೀಟು ಮಾತ್ರ ಅವರದೇ...

ಆಚಾರ್ರು ಅವಲಕ್ಕಿ ಡಬ್ಬಿ ತೆಗೆದರೆ ಸಾಕು, ಖಾಜಾ ಸರ್ ಶುರು.
"ಆಚಾರ್ರೇ, ನಮ್ಮ ಡಬ್ಬಿ ನೀವು ಮುಟ್ಟಂಗಿಲ್ಲ, ಗೊತ್ತದ. ನಿಮ್ಮ ಡಬ್ಬಿ ನಾ ಬಿಡಂಗಿಲ್ಲ, ಅದೂ ಗೊತ್ತಿರ್ಲಿ."
"ತಿನ್ರಿ, ತಿನ್ರಿ. ನಿಮ್ಮ ಶುಗರ್ ಸಲುವಾಗಿ ಇವತ್ತ ಬೆಲ್ಲ ಹಾಕಿಸಿಲ್ಲ."
ಬೋಗಿಗೆ ಬೋಗಿಯೇ ನಗುತ್ತಿತ್ತು.

ಶುಗರ್ ಇತ್ತು ಅವರಿಗೆ. ಬಿಪಿ ಕೂಡ.
"ನಮ್ಮಪ್ಪ ಹೊಲ ಬಿಟ್ಟು ಹೋಗ್ಲಿಲ್ರಿ, ಶುಗರ್ ಬಿಟ್ಟು ಹೋದ" ಎನ್ನುತ್ತಿದ್ದರು.
ಬೆಳೆದ ಮನೆಯ ಪಕ್ಕದಲ್ಲೇ ಕಲ್ಲು ಪಾಲಿಶ್ ಮಾಡುವ ಮಷಿನ್... ಆ ಧೂಳಿನ ಕೆಮ್ಮು ಕೊನೆಯವರೆಗೂ ಬಿಡಲಿಲ್ಲ.

ಒಮ್ಮೆ ನಾವೆಲ್ಲ ಸೇರಿ ಬುದ್ಧಿ ಹೇಳಿದೆವು. ಓಡಾಟ ಸಾಕು, ಸೇಡಂನಲ್ಲೇ ಮನೆ ಮಾಡಿ, ಆರಾಮ ಆಗುತ್ತೀರಿ ಎಂದು.
ಮಾಡಿದರು.
ರೈಲಿನಲ್ಲೇ ಶಾಲು ಹೊದಿಸಿ, ಹಾರ ಹಾಕಿ ಬೀಳ್ಕೊಟ್ಟೆವು. ಭಾಳ ದೊಡ್ಡ ಉಪಕಾರ ಮಾಡಿದವರ ಹಾಗೆ...

ಆಮೇಲೆ ಆದದ್ದು ಬೇರೆ.
ಅದೇ ಗುಳಿಗೆ. ಊಟದಲ್ಲಿ ಉಪ್ಪು ಕಡಿಮೆ. ಮುಂಜಾನೆ ವಾಕಿಂಗ್.
ಆದರೂ ಬಿಪಿ ಏರುತ್ತಲೇ ಹೋಯಿತು. ನಿದ್ದೆ ಹಾರಿತು. ಮಾತು ಕಡಿಮೆಯಾಯಿತು.
ಕಲಬುರಗಿಯ ಡಾಕ್ಟರಮ್ಮ ರಿಪೋರ್ಟೆಲ್ಲ ನೋಡಿ, ಕೊನೆಗೆ ಕೇಳಿದರಂತೆ,
"ದಿನಾ ಯಾರ ಜೋಡಿ ಕುಂತು ನಗ್ತೀರಿ, ಸರ್?"
ಇವರು ಅಂದರಂತೆ,
"ಮೊದಲ ರೈಲಿನಾಗ ನಗ್ತಿದ್ದೆ. ಈಗ ಯಾರೂ ಇಲ್ರಿ."
ಡಾಕ್ಟರಮ್ಮ ಗುಳಿಗೆ ಬದಲಿಸಿದರು. ರೈಲೂ ಹತ್ತಿ ಎಂದರು.

ಮನೆ ಶಾಲೆಯ ಹಿಂದೆಯೇ.
ಆದರೂ ಅಂದಿನಿಂದ ಸಂಜೆಯಾದರೆ ನಮ್ಮ ಜೊತೆ ಗಾಡಿ ಹತ್ತಿ, ಚಿತ್ತಾಪುರದ ತನಕ ಬಂದು, ಆಚಾರ್ರ ಜೊತೆ ಇಳಿದು, ಚಹಾ ಕುಡಿದು, ಬಸ್ಸಿಗೆ ವಾಪಸ್ ಹೋಗುತ್ತಿದ್ದರು.
ಅವರ ಮನೆಯವರು, ಭಾಭಿ, ನನ್ನನ್ನೇ ಕೇಳಿದ್ದರು,
"ಸೇಡಂದಾಗ ಮನೀ ಮಾಡಿದ್ದು ನಾ ಒಬ್ಬಾಕಿ ಇರ್ಲಿಕ್ಕೇನು?"
ಮರುಕ್ಷಣ ತಾವೇ, "ಹೋಗ್ಲಿ ಬಿಡ್ರಿ. ಮಾರಿ ಮ್ಯಾಲ ಕಳೆ ಬಂದದ" ಎಂದಿದ್ದರು.

ಬೋಗಿಯಲ್ಲಿ ಯಾರೋ, ಹಾಗಾದರೆ ಗುಳಿಗೆ ಬಿಟ್ಟುಬಿಡಿ ಸರ್ ಎಂದ.
ಖಾಜಾ ಸರ್ ಬಿಡುತ್ತಾರೆಯೇ...
"ಹುಚ್ಚಪ್ಪಾ, ಹಳಿ ಛಲೋ ಅವ ಅಂತ ಇಂಜಿನ್ ಬ್ಯಾಡೇನು? ಎರಡೂ ಇದ್ದು ಹಿಂದಿನ ಗಾರ್ಡ್ ಹಸಿರು ನಿಶಾನಿ ತೋರಿಸ್ಲಿಲ್ಲಂದ್ರ ಗಾಡಿ ಹೊಂಡ್ತದೇನು?"

ಹೋದ ವರ್ಷ ಆಚಾರ್ರು ನಿವೃತ್ತರಾದರು. ಅದೇ ಹೊತ್ತಿಗೆ ಎದೆಯ ಆಪರೇಷನ್.
ಡಾಕ್ಟರು ಓಡಾಡಿ ಎಂದರೂ ಅವರು ಹೊಸ್ತಿಲು ದಾಟಲಿಲ್ಲ. ಏನಾದರೂ ಆದೀತು ಎಂಬ ಭಯ.
ನಮ್ಮ ಫೋನೂ ಎತ್ತುತ್ತಿರಲಿಲ್ಲ.
ಆದರೂ ಖಾಜಾ ಸರ್ ಚಿತ್ತಾಪುರದಲ್ಲಿ ಇಳಿಯುವುದು ಬಿಡಲಿಲ್ಲ.
ಆಚಾರ್ರ ಮನೆಯ ಕಟ್ಟೆಯ ಮೇಲೆ ಕೂತು, ಕಿಟಕಿಯ ಹೊರಗಿನಿಂದಲೇ ಮಾತಾಡಿ ಬರುತ್ತಿದ್ದರು...

ಖಾಜಾ ಸರ್...
ನಿನ್ನಿ ಇಳೀಲಿಕ್ಕೆ ಎದ್ದು ನಿಂತು ಏನಂದ್ರಿ, ನೆನಪದ ಏನು?
"ಆಚಾರ್ರ ಎದಿ ರಿಪೇರಿ ಆಗ್ಯದ, ಅಂಜಿಕಿ ಆಗಿಲ್ಲ. ಒಂದ್ಸಲ ಈ ಗಾಡಿ ಹತ್ತಿಸಬೇಕು" ಅಂದ್ರಿ.
ಇಬ್ಬರೂ ಕೂಡಿ ಹೋಗಿ ಕರ್ಕೊಂಡು ಬರೋಣು ಅಂದ್ರಿ...
ಈಗ ನಾ ಒಬ್ಬನಽ ಹೆಂಗ ಹೋಗ್ಲಿ, ಹೇಳ್ರಿ.
ನಿಮ್ಮಪ್ಪನ ರಕ್ತ ತನ್ನ ಪಾಲು ಕೇಳ್ತು. ಕೇಳ್ಲಿ...
ನಡುವಿನ ಇಷ್ಟು ವರ್ಷ ನಕ್ಕೋತ ದಕ್ಕಿಸಿಕೊಂಡ್ರಲ್ಲ, ಅವು ನಿಮ್ಮವು. ನಮ್ಮವೂ.

ಬೆಳಿಗ್ಗೆಯಿಂದ ಆಚಾರ್ರಿಗೆ ಫೋನ್ ಮಾಡುತ್ತಿದ್ದೇನೆ. ಎತ್ತಲಿಲ್ಲ.
ಸಂಜೆಯ ಅಸರ್ ನಮಾಜಿನ ನಂತರ ಸೇಡಂನಲ್ಲೇ ಮಣ್ಣು, ಪ್ಯಾಸೆಂಜರ್‌ಗೆ ಹೋಗುತ್ತಿದ್ದೇನೆ ಎಂದು ಮೆಸೇಜ್ ಹಾಕಿದೆ.
ನೋಡಿದ್ದಾರೆ... ಉತ್ತರವಿಲ್ಲ.

ಗಾಡಿ ಬಂತು. ಒಂದು ನಿಮಿಷ...

ಹತ್ತಿದೆ. ರಜೆಯ ದಿನ, ಬೋಗಿ ಅರ್ಧ ಖಾಲಿ.
ಸೀಟು ಹಿಡಿಯುವ ಗರಜೇ ಇಲ್ಲ.
ಆದರೂ ಕಿಟಕಿ ಸೀಟಿನ ಮೇಲೆ ನನ್ನ ಕರ್ಚೀಫ್ ಹಾಸಿಬಿಟ್ಟೆ... ಯಾರಿಗೆ ಅಂತ ಗೊತ್ತಿಲ್ಲ.

ಖಾಜಾ ಸರ್, ಯಾವಾಗಲೂ ನೀವಽ ಮೊದಲ ಹತ್ತೋರು. ಈ ಕೊನೀ ಗಾಡಿನೂ ನೀವಽ ಮೊದಲ ಹತ್ತಿದ್ರಿ.
ಅಲ್ಲೂ ಕಿಟಕಿ ಕಡೀದು ಜಾಗ ಸಿಗ್ಲಿ.
ಕೆಮ್ಮಿಲ್ಲದ ನಿದ್ದಿ ಬರ್ಲಿ. ನಿಮ್ಮ ಜೀವಕ್ಕ ತಂಪಿರ್ಲಿ...

ತಡೀರಿ, ಫೋನ್ ಬರ್ಲಿಕತ್ತದ...
ಆಚಾರ್ರು.

ಹಲೋ... ಹ್ಞೂಂ ಆಚಾರ್ರೇ...
ಯಾವ ಸ್ಟೇಷನ್ದಾಗ? ಚಿತ್ತಾಪುರದಾಗ ನಿಂತೀರಿ?
ಸೀಟು ಹಿಡಿದೀನ್ರಿ... ಕಿಟಕಿ ಕಡೀದಽ ಅದ.
ಬರ್ಲಿಕತ್ತೀನಿ, ಅಲ್ಲೇ ನಿಂದರ್ರಿ. ಇಡ್ತೀನಿ.