ಫಿದ್ದಾಳ ಡೇರೆಯ ನಡುಗಂಬ

ಕುರಿ ಕುಯ್ಯುವ ಕೆಲಸವನ್ನು ಫಿದ್ದಾ ಯಾರಿಗೂ ಬಿಡುತ್ತಿರಲಿಲ್ಲ. ಹೆಂಗಸು ಕತ್ತಿ ಹಿಡಿಯಬಾರದೆಂದು ದಾಯಾದಿಗಳು ಗೊಣಗಿದರೆ, "ಬನ್ನಿ, ನೀವೇ ಕುಯ್ಯಿರಿ. ಹಾಗೇ ನಲವತ್ತು ಜನಕ್ಕೆ ಅನ್ನಾನೂ ಬೇಯಿಸಿ" ಎಂದು ಕತ್ತಿಯ ಹಿಡಿಯನ್ನು ಅವರ ಮುಂದೆ ಚಾಚುತ್ತಿದ್ದಳು. ಯಾರೂ ಕೈ ನೀಡುತ್ತಿರಲಿಲ್ಲ. ಅವಳು ಬಿಸ್ಮಿಲ್ಲಾ ಎಂದು ಒಂದೇ ಎಳೆತಕ್ಕೆ ಮುಗಿಸಿ, ಬಿಸಿ ರಕ್ತದ ಮೇಲೆ ಕಾಲಿನಿಂದ ಮರಳು ಎಳೆದು, ಮುಂದಿನ ಕುರಿಯ ಕಿವಿ ಹಿಡಿಯುತ್ತಿದ್ದಳು.

ಅಂದು ಬೆಳಿಗ್ಗೆ ನಾಲ್ಕು ಕುರಿ ಬಿದ್ದವು. ಅಮ್ಮಾನ್ ಪಟ್ಟಣದಿಂದ ವಿಮೆಯ ಕಂಪನಿಯೊಂದರ ನಲವತ್ತೆರಡು ಜನ ಬರುವವರಿದ್ದರು.

ಗಂಡ ಬಂಡೆಯಿಂದ ಜಾರಿ ಬಿದ್ದು ಸತ್ತ ವರ್ಷವೇ ಫಿದ್ದಾ ಬಂದವರಿಗೆ ಡೇರೆ, ಊಟ ಕೊಡುವ ಈ ಕೆಲಸಕ್ಕೆ ಇಳಿದದ್ದು. ಮಕ್ಕಳಿರಲಿಲ್ಲ. ಇದ್ದವನೊಬ್ಬ ತಮ್ಮ, ಮುತ್ಲಕ್. ತಾಯಿ ಅವನನ್ನು ಹೆತ್ತ ವಾರದಲ್ಲೇ ಕಣ್ಣು ಮುಚ್ಚಿದಾಗ ಫಿದ್ದಾಳಿಗೆ ಹನ್ನೊಂದು ವರ್ಷ. ಮೇಕೆಯ ಹಾಲಲ್ಲಿ ಬಟ್ಟೆ ಅದ್ದಿ ಅವನಿಗೆ ಚೀಪಿಸಿ ಬೆಳೆಸಿದವಳು ಅವಳೇ. ಎರಡು ಹಳೆಯ ಡೇರೆ, ಒಂದು ಪಿಕಪ್ಪು, ಅಕ್ಕ, ತಮ್ಮ. ವಾದಿ ರಮ್‌ನ ಕೆಂಪು ಬಂಡೆಗಳ ಮಗ್ಗುಲಲ್ಲಿ ಹೀಗೆ ಶುರುವಾದದ್ದು ಆರು ವರ್ಷದಲ್ಲಿ ಮೂವತ್ತು ಡೇರೆಗಳಾಯಿತು. ಬ್ಯಾಂಕಿನವರು ಬಂದರು, ಔಷಧಿಯವರು ಬಂದರು, ಹಲ್ಲಿನ ವೈದ್ಯರು ಬಂದು ಬಂಡೆಗೆ ಬಿಳಿ ಬಟ್ಟೆ ಕಟ್ಟಿ ದವಡೆಯ ಚಿತ್ರ ತೋರಿಸಿಕೊಂಡರು. ಕಚೇರಿಯಲ್ಲಿ ಮುಖ ನೋಡಿ ಮಾತಾಡದವರೆಲ್ಲ ಇಲ್ಲಿ ಮರಳಲ್ಲಿ ಕೂತು ಒಬ್ಬರನ್ನೊಬ್ಬರು ಹೊಗಳುತ್ತಿದ್ದರು. ಒಬ್ಬ ಕಣ್ಣು ಮುಚ್ಚಿ ಹಿಂದಕ್ಕೆ ಬೀಳುವುದು, ಉಳಿದವರು ಹಿಡಿಯುವುದು ಎಂದೊಂದು ಆಟವಿತ್ತು. ಮುತ್ಲಕ್ ಅದನ್ನು ನೋಡಿದಾಗಲೆಲ್ಲ, "ಅಕ್ಕ, ಇವರಿಗೆ ಕಾಲಿನ ಮೇಲೆ ನಿಂತ್ಕೊಳ್ಳೋದು ಹೇಳ್ಕೊಟ್ಟಿಲ್ವಾ?" ಎಂದು ಕೇಳುತ್ತಿದ್ದ.

ವಿಮೆಯವರಲ್ಲಿ ಎರಡು ಬಣ. ಪಾಲಿಸಿ ಮಾರುವವರು, ಲೆಕ್ಕ ನೋಡುವವರು. ಇಬ್ಬರಿಗೂ ಆಗಿಬರುವುದಿಲ್ಲವೆಂದೇ ಕರೆತಂದಿದ್ದರು. ಕಾರ್ಯಕ್ರಮ ನಡೆಸಲು ಬಂದಿದ್ದ ದೀಮಾ ಎಂಬ ಹುಡುಗಿ ಕೊರಳಲ್ಲಿ ಸೀಟಿ ನೇತುಹಾಕಿಕೊಂಡು ಮೊದಲು ಹಗ್ಗ ಎಳೆಸಿದಳು. ಮಾರುವವರು ಸೋತರು. ಅವರ ಮುಖ್ಯಸ್ಥ ಹೈಸಮ್, ಗೂಳಿಯಂಥ ಕುತ್ತಿಗೆಯ ಐವತ್ತರ ಗಂಡಸು, ಹಗ್ಗ ಬಿಟ್ಟುಕೊಟ್ಟ ತನ್ನ ಕಡೆಯವನನ್ನೇ ಬೆನ್ನಿಗೆ ಗುದ್ದಿ ಬೀಳಿಸಿದ. ಲೆಕ್ಕದವನೊಬ್ಬ ನಕ್ಕ. ಹೈಸಮ್‌ನ ಮೊಣಕೈ ಅವನ ಬಾಯಿಗೆ ತಾಗಿತು. ಅದು ತಾಗಿದ್ದೋ ತಾಗಿಸಿದ್ದೋ, ಮುಂದಿನ ಹಲ್ಲೊಂದು ಮರಳಿಗೆ ಬಿತ್ತು.

"ಏನೇ ಇದು?" ಫಿದ್ದಾ ದೀಮಾಳನ್ನು ಕೇಳಿದಳು.

"ಜನಾನ ಒಗ್ಗೂಡಿಸೋ ಆಟ, ಹಜ್ಜಾ."

"ಒಗ್ಗೂಡಿದ್ರೆ ಅವನ ಹಲ್ಲು ಯಾಕೆ ಉದುರ್ತು?"

"ಒಗ್ಗೂಡುವಾಗ ಸ್ವಲ್ಪ ಹಂಗಾಗತ್ತೆ."

"ನನ್ನ ಹಜ್ಜಾ ಅನ್ಬೇಡ. ಮಕ್ಕಾಗೆ ಹೋಗಿ ಬಂದ್ಮೇಲೆ ಅನ್ನು. ಆ ಹಲ್ಲು ಹುಡುಕಿ ಅವನ ಕೈಗೆ ಕೊಡು, ನನ್ನ ಅನ್ನದಲ್ಲಿ ಸಿಕ್ಕೀತು."

ಮಾಂಸದ ಜಾಲರಿಗಳನ್ನು ಕೆಂಡ ತುಂಬಿದ ಮರಳ ಗುಂಡಿಗೆ ಇಳಿಸಿ, ಮೇಲೆ ಕಂಬಳಿ ಹಾಕಿ ಮರಳು ಮುಚ್ಚಿದ ಮೇಲೆ ಮಧ್ಯಾಹ್ನದ ಪಂದ್ಯ. ಎರಡು ಪಿಕಪ್ಪುಗಳು ದೊಡ್ಡ ಮರಳ ದಿಬ್ಬ ಹತ್ತಿ ಇಳಿದು, ಕೆಳಗೆ ನಿಂತ ದಾಯಾದಿಗಳ ಗಾಡಿಗಳನ್ನು ಮುಟ್ಟಬೇಕು. ಓಡಿಸುವವರು ಡೇರೆಯ ಕಡೆಯವರೇ, ಪಟ್ಟಣದವರು ಹಿಂದೆ ಕೂರುವುದು. ಹೈಸಮ್ ಮಾತ್ರ ಮುತ್ಲಕ್‌ನ ಬಾಗಿಲ ಬಳಿ ನಿಂತು ಕೈ ಚಾಚಿದ.

"ಕೀ ಕೊಡು. ನಾನು ಓಡಿಸ್ತೀನಿ."

"ಆಗಲ್ಲ ಉಸ್ತಾದ್. ದಿಬ್ಬದ ತುದಿ ಕತ್ತಿಯ ಬಾಯಿದ್ದ ಹಾಗಿದೆ. ಗೊತ್ತಿಲ್ಲದೋರು ಹೋದ್ರೆ ಮಗುಚಿಕೊಳ್ತಾರೆ."

"ನೀನು ಹುಟ್ಟೋಕೆ ಮುಂಚಿನಿಂದ ಗಾಡಿ ಓಡಿಸ್ತಿದೀನಿ ನಾನು."

"ಆವಾಗಿಂದ ರಸ್ತೆ ಮೇಲೇ ಓಡಿಸಿದೀರಿ."

ಜನ ನಕ್ಕರು. ಹೈಸಮ್‌ನ ಕುತ್ತಿಗೆ ಕೆಂಪಾಯಿತು. ದೀಮಾ ಓಡಿಬಂದು ಫಿದ್ದಾಳ ತೋಳು ಹಿಡಿದಳು. "ದಯವಿಟ್ಟು ಹೂಂ ಅನ್ನಿ. ಇವರ ಮನಸ್ಸು ಕೆಟ್ರೆ ಮುಂದಿನ ವಸಂತಕ್ಕೆ ಇನ್ನೂರು ಜನಾನ ಬೇರೆ ಕಡೆ ಕರ್ಕೊಂಡು ಹೋಗ್ತಾರೆ."

ಮುತ್ಲಕ್ ಅಕ್ಕನ ಕಡೆ ನೋಡಿದ. ಫಿದ್ದಾ ಕಣ್ಣಿನಲ್ಲೇ ಕೊಡು ಎಂದಳು. ಅವನು ಕೀ ಕೊಟ್ಟು, ಹಿಂದೆ ಹತ್ತಿ, ಕಬ್ಬಿಣದ ಸರಳು ಹಿಡಿದು ನಿಂತ.

ಪಿಕಪ್ಪು ತುದಿಯನ್ನು ಅಡ್ಡಡ್ಡ ದಾಟಿತು. ಮುತ್ಲಕ್ ಛಾವಣಿಗೆ ಬಡಿದು ಕೂಗಿದ್ದು ಕೆಳಗಿನವರಿಗೂ ಕೇಳಿತು. ಆಮೇಲೆ ಗಾಡಿ ಮಗ್ಗುಲಾಗಿ ಉರುಳಿತು, ಒಂದು ಸಲ, ಎರಡು ಸಲ. ಮೂರನೆಯ ಸಲಕ್ಕೆ ಮರಳಲ್ಲಿ ಕಚ್ಚಿ ನಿಂತಿತು. ಹಿಂದೆ ಕೂತಿದ್ದ ಇಬ್ಬರು ದೂರಕ್ಕೆ ಚಿಮ್ಮಿ ಬಿದ್ದು ಕೆಮ್ಮುತ್ತ ಎದ್ದರು. ಹೈಸಮ್ ಒಡೆದ ಕಿಟಕಿಯಿಂದ ತೆವಳಿ ಹೊರಬಂದ. ಮುತ್ಲಕ್ ಸರಳಿನ ಅಡಿ ಸಿಕ್ಕಿದ್ದ.

ಫಿದ್ದಾ ತಲುಪುವ ಹೊತ್ತಿಗೆ ದಾಯಾದಿಗಳು ಗಾಡಿ ಎತ್ತಿದ್ದರು. ಅವನ ಎದೆ ತಟ್ಟೆಯ ಹಾಗೆ ಒಳಕ್ಕೆ ಹೋಗಿತ್ತು. ಉಸಿರು ಎಳೆದರೆ ಬಾಯಲ್ಲಿ ರಕ್ತದ ಗುಳ್ಳೆ. ಅವಳು ತಲೆಯನ್ನು ತೊಡೆಯ ಮೇಲಿಟ್ಟುಕೊಂಡಳು. ಅವನು ಏನೋ ಹೇಳಲು ಹೋದ. ಮಾತಿನ ಬದಲು ಹಲ್ಲಿನ ಸಂದಿಯಿಂದ ಮರಳು ಬಂತು. ಅಷ್ಟೆ.

ಪಕ್ಕದಲ್ಲಿ ನಿಂತಿದ್ದವನು ಸಾಯಿಲ್, ಚಿಕ್ಕಪ್ಪನ ಮಗ. ಮುತ್ಲಕ್‌ನ ಓರಗೆಯವನು, ಅವನ ಜೊತೆ ಒಂದೇ ತಟ್ಟೆಯಲ್ಲಿ ಉಂಡು ಬೆಳೆದವನು. ಅವನು ಅಳಲಿಲ್ಲ. "ಎಲ್ಲಿ ಅವನು?" ಎಂದ.

ಹೈಸಮ್ ಇರಲಿಲ್ಲ.

ಆಮೇಲೆ ಎಂಟು ಜನ ದೊಣ್ಣೆ, ಕಲ್ಲು, ಗುದ್ದಲಿಯ ಕಾವು ಹಿಡಿದು ಡೇರೆಗಳ ಕಡೆ ಓಡಿದರು. ಕಂಪನಿಯವರ ಬಿಳಿ ಅಂಗಿ ಕಂಡಲ್ಲೆಲ್ಲ ಹೊಡೆದರು. ಬೆಳಿಗ್ಗೆ ಹಲ್ಲು ಕಳೆದುಕೊಂಡ ಲೆಕ್ಕದವನೇ ಮೊದಲು ಸಿಕ್ಕ. "ನಾನಲ್ಲ, ನಾನಲ್ಲ" ಎನ್ನುತ್ತಿದ್ದಂತೆಯೇ ಅವನ ಮೊಣಕಾಲಿನ ಚಿಪ್ಪು ಒಡೆಯಿತು. ಉಳಿದವರು ತಾವು ಬಂದ ಬಸ್ಸಿನೊಳಗೆ ನುಗ್ಗಿ ಬಾಗಿಲು ಹಾಕಿಕೊಂಡರು. ಕಲ್ಲು ಬಿದ್ದು ಗಾಜುಗಳು ಪುಡಿಯಾದವು. ಹೈಸಮ್‌ನ ಕರಿ ಕಾರಿಗೆ ಪೆಟ್ರೋಲು ಸುರಿದು ಬೆಂಕಿ ಇಟ್ಟರು. ಟೈರುಗಳು ಒಂದೊಂದಾಗಿ ಗುಂಡು ಹೊಡೆದಂತೆ ಸಿಡಿದವು. ದೀಮಾ ಸೀಟಿಯನ್ನು ಬಾಯಲ್ಲಿಟ್ಟುಕೊಂಡು ಊದುತ್ತಲೇ ಇದ್ದಳು, ಯಾಕೆಂದು ಅವಳಿಗೂ ಗೊತ್ತಿರಲಿಲ್ಲ.

ಫಿದ್ದಾ ತಮ್ಮನಿಗೆ ಹೊದಿಸಲು ಬಟ್ಟೆ ತರಲು ತನ್ನ ಡೇರೆಗೆ ಬಂದಳು. ಮೇಕೆ ಕೂದಲಿನ ಹಳೆಯ ಡೇರೆ, ಅವಳ ಗಂಡ ಕಟ್ಟಿದ್ದು. ಹೆಂಗಸರ ಕಡೆಯ ತೆರೆ ಸರಿಸಿದರೆ ಹಾಸಿಗೆಗಳ ನಡುವೆ ಹೈಸಮ್ ಕೂತಿದ್ದ. ಎರಡೂ ತೋಳಿನಿಂದ ನಡುಗಂಬವನ್ನು ತಬ್ಬಿ, ಕೆನ್ನೆಯನ್ನು ಅದಕ್ಕೆ ಒತ್ತಿಕೊಂಡಿದ್ದ. ಬಿಳಿ ಬೂಟಿನ ಮೇಲೆ ರಕ್ತವಿತ್ತು, ಅವನದಲ್ಲ.

ಕಾಫಿ ಕುಟ್ಟುವ ಒನಕೆ ಅವಳ ಕೈಗೆ ಯಾವಾಗ ಬಂತೋ. ಎತ್ತಿ ಹಿಡಿದಳು. ತಲೆಯ ನಡುನೆತ್ತಿ ಅವಳ ಕಣ್ಣೆದುರಿಗಿತ್ತು, ಕೂದಲು ತೆಳ್ಳಗಾಗಿ ಬೆವರುತ್ತಿತ್ತು. ಒಂದೇ ಏಟು ಸಾಕಿತ್ತು.

"ಕಾಪಾಡಮ್ಮ" ಎಂದ. ಅವಳನ್ನು ಅಡುಗೆಯವಳೆಂದೇ ತಿಳಿದಿದ್ದ.

ಒನಕೆ ಮೇಲೆಯೇ ನಿಂತಿತು. ಅವಳ ಕಣ್ಣು ಅವನ ಕೈಗಳ ಮೇಲೆ ಬಿದ್ದಿತ್ತು. ಡೇರೆಯ ನಡುಗಂಬ ಹಿಡಿದವನ ಪ್ರಾಣ ಮೂರು ದಿನ ಡೇರೆಯವರ ಕೊರಳಿನಲ್ಲಿರುತ್ತದೆ, ಅವನನ್ನು ಕಾಯುವುದು ಅವರ ಹೊಣೆ. ಅಪ್ಪನನ್ನು ಕೊಂದವನು ಹಿಡಿದರೂ ಅಷ್ಟೆ. ಅವಳು ಹಲ್ಲು ಕಡಿದಳು, ಕಂಬ ಹಿಡಿದ ಆ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಎಸೆಯಬೇಕೆನಿಸಿತು. ಬಿಡಿಸಲಿಲ್ಲ.

ತೆರೆ ಹರಿದು ಸಾಯಿಲ್ ಒಳಬಂದ. ಹಿಂದೆ ಇನ್ನೂ ಮೂವರು.

"ಸರಿ ಅಕ್ಕ, ಪಕ್ಕಕ್ಕೆ ಸರಿ."

"ಕಂಬ ಹಿಡಿದಿದಾನೆ."

"ಹಿಡಿದಿದಾನಾ? ಪಟ್ಟಣದ ನಾಯಿ ಅವನು. ಅವನಿಗೆ ಕಂಬ ಅಂದ್ರೆ ದೀಪದ ಕಂಬ. ಶರಣು ಬಂದಿಲ್ಲ, ಬಚ್ಚಿಟ್ಟುಕೊಂಡಿದಾನೆ. ಕೇಳು ಬೇಕಾದ್ರೆ."

ಫಿದ್ದಾ ಕೇಳಿದಳು. "ನೀನು ನನಗೆ ಶರಣು ಬಂದೆಯೋ, ಬಚ್ಚಿಟ್ಟುಕೊಂಡೆಯೋ?"

ಹೈಸಮ್ ಇಬ್ಬರ ಮುಖವನ್ನೂ ನೋಡಿದ. ಯಾವ ಉತ್ತರಕ್ಕೆ ಪ್ರಾಣ ಉಳಿಯುತ್ತದೋ ತಿಳಿಯದೆ ನಿಜ ಹೇಳಿಬಿಟ್ಟ. "ಬಚ್ಚಿಟ್ಟುಕೊಂಡೆ. ಪೊಲೀಸ್ ಬರೋವರೆಗೂ ಅಷ್ಟೆ."

ಸಾಯಿಲ್ ಗಹಗಹಿಸಿ ನಕ್ಕ. "ಕೇಳಿದ್ಯಾ? ಇನ್ನೇನು?"

ಇನ್ನೇನೂ ಇರಲಿಲ್ಲ. ಅವನ ಬಾಯಿಂದಲೇ ಬಂದಿತ್ತು. ಒಂದು ಹೆಜ್ಜೆ ಪಕ್ಕಕ್ಕಿಟ್ಟಿದ್ದರೆ ಯಾರೂ ಅವಳನ್ನು ಆಡಿಕೊಳ್ಳುತ್ತಿರಲಿಲ್ಲ, ತಮ್ಮನ ಸೇಡೂ ಅಲ್ಲೇ ತೀರುತ್ತಿತ್ತು. ಹೊರಗೆ ದಿಬ್ಬದ ಕೆಳಗೆ ಮುತ್ಲಕ್ ಬಿಸಿಲಿನಲ್ಲಿ ಮಲಗಿದ್ದ, ಮೇಲೊಂದು ಬಟ್ಟೆಯೂ ಇಲ್ಲದೆ.

"ಅವನಿಗೆ ಗೊತ್ತಿಲ್ದಿದ್ರೆ ಇಲ್ಲ. ನನಗೆ ಗೊತ್ತಲ್ಲ" ಎಂದಳು ಫಿದ್ದಾ.

"ಅಕ್ಕ, ಸತ್ತಿರೋದು ಮುತ್ಲಕ್!"

"ಕೀ ಕೊಡು ಅಂದೋಳು ನಾನೇ. ಕಣ್ಣಲ್ಲಿ ಅಂದೆ. ಸೇಡು ಬೇಕಾದ್ರೆ ಮೊದ್ಲು ನನ್ನ ಹೊಡಿ."

ಸಾಯಿಲ್ ದೊಣ್ಣೆ ಬೀಸಿದ. ಅದು ಹೈಸಮ್‌ನ ತಲೆಗೋ ಅವಳಿಗೋ, ಅವನಿಗೇ ಗೊತ್ತಿತ್ತೋ ಇಲ್ಲವೋ. ಅವಳು ಎಡಗೈ ಅಡ್ಡ ತಂದಳು. ಮುಂಗೈ ಒಣಕಟ್ಟಿಗೆಯಂತೆ ಲಟಕ್ಕೆಂದಿತು. ಬಲಗೈಯ ಒನಕೆ ಹಾಗೆಯೇ ಸಾಯಿಲ್‌ನ ಬಾಯಿಗೆ ಅಪ್ಪಳಿಸಿತು. ಅವನು ಹಿಂದಕ್ಕೆ ಬಿದ್ದು ಕಾಫಿಯ ಒಲೆ ಚೆಲ್ಲಾಪಿಲ್ಲಿಯಾಯಿತು, ಹಾಸಿಗೆಯೊಂದು ಹೊಗೆಯಾಡಿ ಆರಿತು. ಉಳಿದ ಮೂವರು ಹೈಸಮ್‌ನ ಮೇಲೆ ಬಿದ್ದರು. ಒಬ್ಬ ಕೂದಲು ಹಿಡಿದ, ಒಬ್ಬ ಪಕ್ಕೆಗೆ ಒದ್ದ. ಹೈಸಮ್ ಅರಚುತ್ತ ಕಂಬ ಬಿಡಲಿಲ್ಲ, ಇಡೀ ಡೇರೆ ಅಲುಗಾಡಿತು.

ಫಿದ್ದಾ ಒನಕೆ ಬಿಸುಟು, ತಲೆಯ ಬಟ್ಟೆ ಕಿತ್ತು ಹೈಸಮ್‌ನ ಮೇಲೆ ಎಸೆದಳು. ಅವಳ ನರೆತ ಜಡೆ ಬಿಚ್ಚಿ ಹೆಗಲಿಗೆ ಬಿತ್ತು.

ಮೂವರೂ ಬೆಂಕಿ ತಾಗಿದಂತೆ ಕೈ ಹಿಂತೆಗೆದು ಡೇರೆಯ ಬಟ್ಟೆಯ ಕಡೆ ಮುಖ ತಿರುಗಿಸಿದರು. ಹೆಂಗಸು ತಲೆಯ ಬಟ್ಟೆಯನ್ನು ನಡುವೆ ಎಸೆದ ಮೇಲೆ ಕೈ ಎತ್ತಿದವನಿಗೆ ಈ ಮರಳಲ್ಲಿ ಹೆಣ್ಣು ಕೊಡುವವರಿಲ್ಲ. ಸಾಯಿಲ್ ಬಾಯಿಂದ ರಕ್ತ ಉಗುಳುತ್ತ, ಅವಳ ಕಡೆ ನೋಡದೆ, ತೆವಳಿಕೊಂಡೇ ಹೊರಗೆ ಹೋದ.

ಪೊಲೀಸರ ಜೀಪು ಬರಲು ಅರ್ಧ ಗಂಟೆಯಾಯಿತು. ಅಷ್ಟು ಹೊತ್ತೂ ಅವಳು ಮುರಿದ ಕೈಯನ್ನು ಮಡಿಲಲ್ಲಿಟ್ಟುಕೊಂಡು ಅವನ ಎದುರಿಗೆ ಕೂತಿದ್ದಳು. ಜೀಪು ನಿಂತಾಗ ಅವನ ಕೊರಳಪಟ್ಟಿ ಹಿಡಿದು ಎಬ್ಬಿಸಿ, ಬೆನ್ನು ಮಾಡಿ ನಿಂತಿದ್ದ ದಾಯಾದಿಗಳ ನಡುವೆ ನಡೆಸಿಕೊಂಡು ಹೋದಳು. ಜೀಪಿನ ಬಾಗಿಲಲ್ಲಿ ಅವನು, "ನಿಮ್ಮ ಋಣ ಹೇಗೆ ತೀರಿಸ್ಲಿ ಅಮ್ಮ, ನಿಮ್ಮ ಹೆಸರೇನು?" ಎಂದ.

"ನೀನು ಕೊಂದವನ ಅಕ್ಕ."

ಅವನು ಕೊರಳಪಟ್ಟಿ ಬಿಡಿಸಿಕೊಳ್ಳಲು ಹೋದ.

"ಈಗ ನೀನು ನನ್ನ ಡೇರೆಯಲ್ಲಿಲ್ಲ" ಎಂದವಳೇ ಬಲಗೈ ಮುಷ್ಟಿಯಿಂದ ಅವನ ಮೂಗಿಗೆ ಹೊಡೆದಳು. ಮೂಳೆ ಮುರಿದ ಸದ್ದು ಕೇಳಿತು. ಮತ್ತೆ ಹೊಡೆದಳು. ಮೂರನೆಯ ಏಟಿಗೆ ಪೊಲೀಸಿನವನು ನಡುವೆ ಬಂದ, ಅದೂ ನಿಧಾನವಾಗಿ.

ಹೊತ್ತು ಮುಳುಗುವ ಮುಂಚೆ ಮುತ್ಲಕ್‌ನನ್ನು ಮಣ್ಣು ಮಾಡಿದರು. ಮರಳ ಗುಂಡಿಯೊಳಗಿನ ಮಾಂಸ ಯಾರ ನೆನಪಿಗೂ ಬಾರದೆ ಸುಟ್ಟು ಕರಕಾಯಿತು. ಅದರ ವಾಸನೆ ಎಲ್ಲೆಡೆ ಹಬ್ಬಿತ್ತು. ಹೆಂಗಸರು ಎದೆ ಬಡಿದುಕೊಂಡು ಹೊರಟುಹೋದ ಮೇಲೆ ಸಾಯಿಲ್ ಅವಳ ಡೇರೆಗೆ ಬಂದ. ತುಟಿ ಊದಿ ಹರಿದಿತ್ತು, ಮೇಲಿನ ಮೂರು ಹಲ್ಲು ಇರಲಿಲ್ಲ. ಕೈಯಲ್ಲಿ ಖರ್ಜೂರದ ಗರಿಯ ಎರಡು ದಿಂಡು, ಬಟ್ಟೆಯ ಪಟ್ಟಿ. ಅವಳೆದುರು ಕುಕ್ಕರಿಸಿದ.

"ಕೊಡು ಕೈ."

"ನಿನಗೆ ಬರತ್ತಾ?"

"ಒಂಟೆ ಕಾಲು ಕಟ್ಟಿದೀನಿ."

ಅವಳು ಕೈ ಚಾಚಿದಳು. ಅವನು ಊದಿದ ಮುಂಗೈಯನ್ನು ಬೆರಳಿನಿಂದ ಮುಟ್ಟಿ ಮುರಿದ ಜಾಗ ಹುಡುಕಿದ. ಅವಳು ಕಂಬಕ್ಕೆ ತಲೆಯಾನಿಸಿದಳು.

"ಆ ಪಟ್ಟಣದವನ ಕಡೆ ಹಿರಿಯರು ನಾಳೆ ಬರ್ತಾರಂತೆ, ಕ್ಷಮೆ ಕೇಳೋಕೆ. ಏನು ಹೇಳ್ಲಿ?"

"ಬೇಡ ಅನ್ನು. ನಾನು ಸಾಯೋವರೆಗೂ ಬೇಡ ಅನ್ನು."

"ಮತ್ತೆ ಯಾಕೆ ಉಳಿಸಿದೆ? ಯಾಕಕ್ಕ?"

ಅವಳು ತಲೆಯ ಬಟ್ಟೆಯ ಅಂಚನ್ನು ಹಲ್ಲಿನ ನಡುವೆ ಕಚ್ಚಿಕೊಂಡು, ಎಳೆ ಎಂದು ಗದ್ದದಿಂದ ಸನ್ನೆ ಮಾಡಿದಳು. ಸಾಯಿಲ್ ಅಳುತ್ತ, ಪಾದವನ್ನು ಅವಳ ಕಂಕುಳಿಗೆ ಒತ್ತಿ, ಮೂಳೆ ಕೂಡಲೆಂದು ಮುರಿದ ಕೈಯನ್ನು ಎರಡೂ ಕೈಯಿಂದ ಎಳೆದ.